ರಿಯಾಯಿತಿಯ ಭಾರ ಹೊರುವವರು ಯಾರು?

ರಿಯಾಯಿತಿ ಎಂಬುದು ನಮ್ಮ ಜನರಿಗೆ ಹೊಸತಲ್ಲ. ಆಷಾಢ ಮಾಸ ಕಾಲಿಟ್ಟೊಡನೆ ಜವಳಿ ಅಂಗಡಿಗಳ ಮುಂದೆ ರಿಯಾಯಿತಿಯ ಫಲಕಗಳು ಕಾಣಿಸಿಕೊಳ್ಳುತ್ತವೆ. ಮದುವೆ, ಗೃಹಪ್ರವೇಶಗಳು ನಡೆಯದ ಆ ತಿಂಗಳಲ್ಲಿ ಗಿರಾಕಿಗಳು ವಿರಳ. ಸರಕು ಕಪಾಟಿನಲ್ಲಿ ಕೂರುವುದಕ್ಕಿಂತ ಲಾಭದ ಒಂದು ಪಾಲನ್ನು ಬಿಟ್ಟುಕೊಟ್ಟಾದರೂ ಮಾರುವುದು ಲೇಸೆಂಬುದು ವರ್ತಕನ ಲೆಕ್ಕ. ಗಾಂಧಿ ಜಯಂತಿಯಂದು ಆರಂಭವಾಗುತ್ತಿದ್ದ ಖಾದಿ ಬಟ್ಟೆಯ ರಿಯಾಯಿತಿ ಬೇರೆ ಬಗೆಯದು. ಅದರ ಬೆನ್ನಿಗೆ ಸರ್ಕಾರದ ಸಹಾಯಧನ ಇರುತ್ತಿತ್ತು. ಮೊದಲನೆಯದರ ಭಾರವನ್ನು ಅಂಗಡಿಯವನು ಹೊರುತ್ತಿದ್ದ, ಎರಡನೆಯದರ ಭಾರವನ್ನು ಬೊಕ್ಕಸ ಹೊರುತ್ತಿತ್ತು. ಕೊಳ್ಳುವವನಿಗೆ ಎರಡೂ ಅರ್ಥವಾಗುತ್ತಿದ್ದವು.

ಈಚಿನ ವರ್ಷಗಳಲ್ಲಿ ನಾಡಹಬ್ಬದಿಂದ ದೀಪಾವಳಿಯವರೆಗೆ ಅಂತರ್ಜಾಲದ ಮಳಿಗೆಗಳು ಘೋಷಿಸುವ ರಿಯಾಯಿತಿ ಮೂರನೆಯ ಬಗೆಯದು. ಇಲ್ಲಿ ಶೇ 20 ಅಥವಾ 30ರ ಮಾತಿಲ್ಲ. ಶೇ 50, 60, 80 ಎಂಬ ಅಂಕಿಗಳೇ ಪರದೆಯ ತುಂಬ ಮಿನುಗುತ್ತವೆ. ಒಣಹಣ್ಣಿನ ಪೆಟ್ಟಿಗೆ, ಸಿಹಿತಿಂಡಿಯ ಡಬ್ಬಿ, ಚಾಕೊಲೇಟು, ಹಿತ್ತಾಳೆಯ ದೀಪ, ಗಾಜಿನ ಬಟ್ಟಲು ಎಲ್ಲವೂ ಅರ್ಧ ಬೆಲೆಗಿಂತ ಕಡಿಮೆ. ಅರ್ಥಶಾಸ್ತ್ರ ಓದಿದವನಿಗೆ ಇಲ್ಲೊಂದು ಸಂದೇಹ ಹುಟ್ಟಬೇಕು. ಬೇಡಿಕೆ ಕುಸಿದ ಆಷಾಢದಲ್ಲಿ ಬೆಲೆ ಇಳಿಯುವುದು ಸಹಜ. ಆದರೆ ಬೇಡಿಕೆ ಉತ್ತುಂಗದಲ್ಲಿರುವ ಹಬ್ಬದ ದಿನಗಳಲ್ಲಿ ಬೆಲೆ ಇಳಿಯುವುದೇಕೆ? ಹೂವಿನ ಮಾರುಕಟ್ಟೆಯಲ್ಲಿ ಆಯುಧಪೂಜೆಯ ಹಿಂದಿನ ದಿನ ಸೇವಂತಿಗೆಯ ಬೆಲೆ ಏರುತ್ತದೆಯೇ ಹೊರತು ಇಳಿಯುವುದಿಲ್ಲ.

ಇದಕ್ಕೆ ಪ್ರಾಮಾಣಿಕವಾದ ಉತ್ತರವೂ ಒಂದಿದೆ. ಶವಲಿಯೆ, ಕಶ್ಯಪ್ ಮತ್ತು ರೋಸಿ ಎಂಬ ಮೂವರು ಅರ್ಥಶಾಸ್ತ್ರಜ್ಞರು ಅಮೆರಿಕದ ಷಿಕಾಗೊ ಪ್ರದೇಶದ ಸೂಪರ್ ಮಾರ್ಕೆಟ್ ಸರಣಿಯೊಂದರ ಮಾರಾಟದ ವಿವರಗಳನ್ನು ಪರಿಶೀಲಿಸಿ 2003ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು. ಒಂದು ಪದಾರ್ಥಕ್ಕೆ ಬೇಡಿಕೆ ಹೆಚ್ಚುವ ಋತುವಿನಲ್ಲೇ ಅದರ ಬೆಲೆ ಇಳಿಯುವುದನ್ನು ಅವರು ಗುರುತಿಸಿದರು. ಎಲ್ಲರೂ ಹುಡುಕುವ ಪದಾರ್ಥವನ್ನು ಅಗ್ಗಕ್ಕಿಟ್ಟು ಜಾಹೀರಾತು ಮಾಡಿದರೆ ಗಿರಾಕಿ ಅಂಗಡಿಯೊಳಕ್ಕೆ ಬರುತ್ತಾನೆ. ಬಂದವನು ಉಳಿದದ್ದನ್ನೂ ಅಲ್ಲೇ ಕೊಳ್ಳುತ್ತಾನೆ. ಅಗ್ಗದ ಪದಾರ್ಥ ಇಲ್ಲಿ ಗಾಳದ ತುದಿಯ ಎರೆ. ಆದರೂ ಆ ಒಂದು ಪದಾರ್ಥದ ಮಟ್ಟಿಗೆ ರಿಯಾಯಿತಿ ನಿಜವಾದದ್ದೇ, ಮತ್ತು ಅದರ ಭಾರ ಅಂಗಡಿಯವನದೇ. ಹಬ್ಬದ ಮಾರಾಟದಲ್ಲಿ ಅಡುಗೆ ಎಣ್ಣೆ, ಸಕ್ಕರೆ, ಹಿಟ್ಟುಗಳಂಥ ದಿನಬಳಕೆಯ ಪದಾರ್ಥಗಳು ಕೆಲವೊಮ್ಮೆ ನಿಜವಾಗಿಯೂ ಅಗ್ಗವಾಗಿ ಸಿಗುವುದು ಈ ಕಾರಣದಿಂದ. ಅವುಗಳ ಬೆಲೆ ಎಲ್ಲರಿಗೂ ಗೊತ್ತು. ಅಲ್ಲಿ ಮೋಸ ಮಾಡುವುದು ಕಷ್ಟ.

ಬೆಲೆ ಯಾರಿಗೂ ಗೊತ್ತಿಲ್ಲದ ಪದಾರ್ಥಗಳ ಕಥೆಯೇ ಬೇರೆ. ಉಡುಗೊರೆಯ ಪೆಟ್ಟಿಗೆ ಅಂಥದ್ದು. 2025ರ ದೀಪಾವಳಿಗೆ ಮುನ್ನ ನಾನು ಇಂತಹ ಪೆಟ್ಟಿಗೆಯೊಂದನ್ನು ಜಾಲತಾಣದ ಮೂಲಕ ಕೊಂಡು ಶಿವಮೊಗ್ಗದಲ್ಲಿರುವ ನನ್ನ ಅಕ್ಕನಿಗೆ ಕಳುಹಿಸಿದೆ. ಬಾದಾಮಿ, ಗೋಡಂಬಿ, ಪಿಸ್ತಾ, ಒಣದ್ರಾಕ್ಷಿ ತಲಾ 100 ಗ್ರಾಂ. ಮುದ್ರಿತ ಬೆಲೆ 1,499 ರೂಪಾಯಿ, ಹಬ್ಬದ ಬೆಲೆ 649. ಶೇ 57ರಷ್ಟು ಉಳಿತಾಯವಾಯಿತೆಂಬ ಸಮಾಧಾನದಲ್ಲಿ ಎರಡು ದಿನ ಕಳೆದೆ. ಮೂರನೆಯ ದಿನ ಬಡಾವಣೆಯ ದಿನಸಿ ಅಂಗಡಿಗೆ ಹೋದಾಗ, ಹಳೆಯ ಅಭ್ಯಾಸದಂತೆ, ಅದೇ ನಾಲ್ಕು ಪದಾರ್ಥಗಳ ಬೆಲೆ ವಿಚಾರಿಸಿದೆ. ಕಿಲೋಗೆ ಬಾದಾಮಿ 850, ಗೋಡಂಬಿ 950, ಪಿಸ್ತಾ 1,200, ದ್ರಾಕ್ಷಿ 400 ರೂಪಾಯಿ. ತಲಾ 100 ಗ್ರಾಮಿಗೆ ಒಟ್ಟು 340 ರೂಪಾಯಿ ಆಗುತ್ತದೆ. ಪೆಟ್ಟಿಗೆಗೆ 60 ರೂಪಾಯಿ, ಶಿವಮೊಗ್ಗಕ್ಕೆ ಕೊರಿಯರ್ ವೆಚ್ಚ 100 ರೂಪಾಯಿ ಎಂದು ಧಾರಾಳವಾಗಿ ಸೇರಿಸಿದರೂ 500 ದಾಟುವುದಿಲ್ಲ. ನಾನು ಗಳಿಸಿದ್ದು ಶೇ 57ರ ರಿಯಾಯಿತಿಯಲ್ಲ; ತೆತ್ತದ್ದು 149 ರೂಪಾಯಿಯ ಹೆಚ್ಚುವರಿ.

ಹಾಗಾದರೆ 1,499 ಎಂಬ ಅಂಕಿ ಎಲ್ಲಿಂದ ಬಂತು? ಇಲ್ಲಿ ನಮ್ಮ ಕಾನೂನಿನ ಸ್ವರೂಪವನ್ನು ಸ್ವಲ್ಪ ಗಮನಿಸಬೇಕು. ಎಲ್ಲ ತೆರಿಗೆಗಳೂ ಸೇರಿದ ಗರಿಷ್ಠ ಚಿಲ್ಲರೆ ಬೆಲೆಯನ್ನು, ಅಂದರೆ ಎಂಆರ್‌ಪಿಯನ್ನು, ಪೊಟ್ಟಣದ ಮೇಲೆ ಮುದ್ರಿಸಬೇಕೆಂಬ ನಿಯಮ 1990ರಲ್ಲಿ ಜಾರಿಗೆ ಬಂತು. ಸ್ಥಳೀಯ ತೆರಿಗೆಯ ನೆಪದಲ್ಲಿ ಅಂಗಡಿಯವರು ಮನಬಂದಂತೆ ಬೆಲೆ ಹೇಳುತ್ತಿದ್ದ ಕಾಲದಲ್ಲಿ ಅದು ಗ್ರಾಹಕನಿಗೆ ದೊರೆತ ದೊಡ್ಡ ರಕ್ಷಣೆ. 2009ರ ಕಾನೂನು ಮಾಪನಶಾಸ್ತ್ರ ಕಾಯಿದೆ ಮತ್ತು ಅದರಡಿ ರಚಿತವಾದ 2011ರ ಪೊಟ್ಟಣ ಸಾಮಗ್ರಿ ನಿಯಮಗಳು ಅದನ್ನು ಮುಂದುವರಿಸಿದವು. ಆದರೆ ಈ ಕಾನೂನು ಹೇಳುವುದು ಇಷ್ಟೇ: ಮುದ್ರಿತ ಬೆಲೆಗಿಂತ ಹೆಚ್ಚಿಗೆ ಮಾರಕೂಡದು. ಮುದ್ರಿಸುವ ಬೆಲೆ ಎಷ್ಟಿರಬೇಕೆಂದು ಅದು ಹೇಳುವುದಿಲ್ಲ. ಬೆಲೆ ನಿಯಂತ್ರಣಕ್ಕೆ ಒಳಪಟ್ಟ ಔಷಧಗಳಂಥ ಕೆಲವನ್ನು ಬಿಟ್ಟರೆ, 340 ರೂಪಾಯಿಯ ಸರಕಿನ ಮೇಲೆ 1,499 ಎಂದು ಅಚ್ಚು ಹಾಕಲು ತಯಾರಕನಿಗೆ ಅಡ್ಡಿಯಿಲ್ಲ. ಗ್ರಾಹಕನ ತಲೆಯ ಮೇಲೆ ಸೂರಾಗಲೆಂದು ಕಟ್ಟಿದ್ದನ್ನು ಮಾರಾಟಗಾರ ಏಣಿಯನ್ನಾಗಿ ಮಾಡಿಕೊಂಡಿದ್ದಾನೆ. ಎಷ್ಟು ಎತ್ತರದಿಂದ ಇಳಿದರೆ ಅಷ್ಟು ರಿಯಾಯಿತಿ.

ಮನುಷ್ಯ ಈ ಏಣಿಗೆ ಮರುಳಾಗುವುದೇಕೆಂಬುದನ್ನು ಮನಶ್ಶಾಸ್ತ್ರಜ್ಞರಾದ ಟ್ವೆರ್ಸ್ಕಿ ಮತ್ತು ಕಾನೆಮನ್ 1974ರಲ್ಲೇ ತೋರಿಸಿದ್ದರು: ಮೊದಲು ಕಂಡ ಅಂಕಿಗೆ ಮನಸ್ಸು ಲಂಗರು ಹಾಕಿಬಿಡುತ್ತದೆ, ಅಲ್ಲಿಂದ ಹೆಚ್ಚು ದೂರ ಸರಿಯುವುದಿಲ್ಲ. 2017ರಲ್ಲಿ ನೊಬೆಲ್ ಪುರಸ್ಕಾರ ಪಡೆದ ರಿಚರ್ಡ್ ಥೇಲರ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಕೊಂಡ ವಸ್ತುವಿನಿಂದ ಸಿಗುವ ಪ್ರಯೋಜನ ಒಂದು, ‘ಒಳ್ಳೆಯ ವ್ಯಾಪಾರ ಮಾಡಿದೆ’ ಎಂಬ ಭಾವನೆಯಿಂದ ಸಿಗುವ ಸಂತೋಷ ಇನ್ನೊಂದು. ನಾವು ಎರಡಕ್ಕೂ ಹಣ ಕೊಡುತ್ತೇವೆ ಎಂದರು. ಹಬ್ಬದ ಮಾರಾಟದಲ್ಲಿ ಬಿಕರಿಯಾಗುವುದು ಬಹುಮಟ್ಟಿಗೆ ಈ ಎರಡನೆಯ ಸರಕು.

ಆದ್ದರಿಂದ ಯಾವುದೇ ರಿಯಾಯಿತಿಯನ್ನು ಕಂಡಾಗ ಕೇಳಬೇಕಾದ ಪ್ರಶ್ನೆ ಒಂದೇ: ಇದರ ಭಾರವನ್ನು ಹೊರುತ್ತಿರುವವರು ಯಾರು? ಉತ್ತರ ಸಿಕ್ಕರೆ ರಿಯಾಯಿತಿ ನಿಜ. ಯಾರೂ ಹೊರುತ್ತಿಲ್ಲವೆಂದಾದರೆ ಅದು ಮುದ್ರಣಾಲಯದಲ್ಲಿ ಹುಟ್ಟಿದ ರಿಯಾಯಿತಿ.

ಬೆಂಗಳೂರಿನಲ್ಲಿ 2007ರಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್ 2014ರ ಅಕ್ಟೋಬರ್ 6ರಂದು ತನ್ನ ಮೊದಲ ಮಹಾಮಾರಾಟ ನಡೆಸಿದಾಗ ಜನಸಂದಣಿಯ ಒತ್ತಡಕ್ಕೆ ಜಾಲತಾಣ ತತ್ತರಿಸಿತ್ತು. ಮರುದಿನ ಸಂಸ್ಥಾಪಕರು ಗ್ರಾಹಕರ ಕ್ಷಮೆ ಕೋರಿದರು. ಆ ದಿನಗಳಲ್ಲಿ ರಿಯಾಯಿತಿಯ ದೊಡ್ಡ ಪಾಲನ್ನು ಹೊರುತ್ತಿದ್ದವರು ಇಂಥ ಕಂಪನಿಗಳಿಗೆ ಬಂಡವಾಳ ಹೂಡಿದವರು. ಮಾರುಕಟ್ಟೆಯನ್ನು ಹಿಡಿಯಲೆಂದು ಅವರು ನಷ್ಟವನ್ನು ಸಹಿಸಿದರು. 2019ರ ಫೆಬ್ರುವರಿ 1ರಿಂದ ಜಾರಿಗೆ ಬಂದ ವಿದೇಶಿ ಹೂಡಿಕೆಯ ನಿಯಮದ ಪ್ರಕಾರ ಇಂಥ ಮಾರುಕಟ್ಟೆ ವೇದಿಕೆಗಳು ಸರಕಿನ ಬೆಲೆಯ ಮೇಲೆ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಪ್ರಭಾವ ಬೀರುವಂತಿಲ್ಲ. ಎಂದರೆ, ಕಾನೂನಿನ ದೃಷ್ಟಿಯಲ್ಲಿ ಬೆಲೆ ಇಳಿಸಬೇಕಾದವರು ತಯಾರಕರು ಮತ್ತು ಮಾರಾಟಗಾರರು. ಹಳೆಯ ದಾಸ್ತಾನು ಖಾಲಿ ಮಾಡಬೇಕಾದ ತಯಾರಕ ಇಳಿಸಬಲ್ಲ. ಸಗಟಿನಲ್ಲಿ ಮಾರಿ ಕಡಿಮೆ ಲಾಭಕ್ಕೆ ತೃಪ್ತನಾಗುವವನೂ ಇಳಿಸಬಲ್ಲ. ಇಬ್ಬರೂ ಅಲ್ಲದ ಸಣ್ಣ ಮಾರಾಟಗಾರನ ಮುಂದೆ ಉಳಿಯುವ ದಾರಿ ಮುದ್ರಿತ ಬೆಲೆಯನ್ನು ಏರಿಸುವುದು.

ಬ್ಯಾಂಕುಗಳ ಕಾರ್ಡಿಗೆ ಸಿಗುವ ಹೆಚ್ಚುವರಿ ರಿಯಾಯಿತಿಯ ಭಾರವನ್ನು ಬ್ಯಾಂಕು ಹೊರುವುದು ಬಹುಮಟ್ಟಿಗೆ ನಿಜ. ಆದರೆ ಅದಕ್ಕೆ ಸಾಮಾನ್ಯವಾಗಿ ಎರಡು ಬೇಲಿಗಳಿರುತ್ತವೆ: ಕನಿಷ್ಠ ಇಷ್ಟು ಕೊಳ್ಳಬೇಕು, ಗರಿಷ್ಠ ಇಷ್ಟೇ ಸಿಗುತ್ತದೆ. ಉದಾಹರಣೆಗೆ ಶೇ 10ರ ರಿಯಾಯಿತಿಗೆ 500 ರೂಪಾಯಿಯ ಮಿತಿಯಿದ್ದರೆ, 8,000 ರೂಪಾಯಿಯ ಖರೀದಿಯಲ್ಲಿ ಸಿಗುವುದು ಶೇ 6.25 ಮಾತ್ರ. ಕನಿಷ್ಠ ಮೊತ್ತ ಮುಟ್ಟಲೆಂದು ಬೇಡದ ಬಿಸ್ಕತ್ತಿನ ಡಬ್ಬಿಯೊಂದನ್ನು ಸೇರಿಸಿದರೆ ಆ ಲಾಭವೂ ಕರಗುತ್ತದೆ. ಬಡ್ಡಿಯಿಲ್ಲದ ಕಂತಿನ ಆಮಿಷದ ಬಗ್ಗೆ ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರಿನಲ್ಲೇ ಎಚ್ಚರಿಸಿತ್ತು: ಶೂನ್ಯ ಬಡ್ಡಿ ಎಂಬುದೇ ಇಲ್ಲ, ಬಡ್ಡಿ ಬೇರೆ ಹೆಸರಿನಲ್ಲಿ ಅಡಗಿರುತ್ತದೆ ಎಂದು.

ಸರ್ಕಾರ ಹೊರುವ ಭಾರವನ್ನು ಮಾರಾಟಗಾರ ತನ್ನದೆಂದು ತೋರಿಸುವುದಕ್ಕೂ ಎಡೆಯಿದೆ. 2025ರ ಸೆಪ್ಟೆಂಬರ್ 22ರಂದು, ನವರಾತ್ರಿಯ ಮೊದಲ ದಿನವೇ, ಜಿಎಸ್‌ಟಿಯ ಹೊಸ ದರಗಳು ಜಾರಿಗೆ ಬಂದವು. ಬಾದಾಮಿ, ಪಿಸ್ತಾ, ಖರ್ಜೂರ, ತುಪ್ಪಗಳ ಮೇಲಿನ ತೆರಿಗೆ ಶೇ 12ರಿಂದ 5ಕ್ಕೆ, ಚಾಕೊಲೇಟಿನ ಮೇಲಿನ ತೆರಿಗೆ ಶೇ 18ರಿಂದ 5ಕ್ಕೆ ಇಳಿಯಿತು. ಲೆಕ್ಕ ಸರಳ: ತೆರಿಗೆ ಸೇರಿ 118 ರೂಪಾಯಿ ಇದ್ದ ಚಾಕೊಲೇಟು, ಮಾರಾಟಗಾರ ತನ್ನ ಕಡೆಯಿಂದ ಒಂದು ಕಾಸನ್ನೂ ಬಿಡದಿದ್ದರೂ, 105ಕ್ಕೆ ಇಳಿಯಬೇಕು. ಅದು ಶೇ 11ರ ಇಳಿಕೆ. 112 ರೂಪಾಯಿಯ ಬಾದಾಮಿ 105ಕ್ಕೆ, ಅಂದರೆ ಶೇ 6ಕ್ಕಿಂತ ತುಸು ಹೆಚ್ಚು, ಇಳಿಯಬೇಕು. ಹಳೆಯ ಮುದ್ರಿತ ಬೆಲೆಯನ್ನೇ ಹೋಲಿಕೆಗೆ ಇಟ್ಟು ‘ಹಬ್ಬದ ವಿಶೇಷ ರಿಯಾಯಿತಿ ಶೇ 15’ ಎಂದು ಘೋಷಿಸಿದ ಚಾಕೊಲೇಟಿನಲ್ಲಿ ಮಾರಾಟಗಾರನ ಕೊಡುಗೆ ಉಳಿದ ನಾಲ್ಕು ಪಾಲಷ್ಟೇ. ಉಳಿದದ್ದು ಬೊಕ್ಕಸ ಬಿಟ್ಟುಕೊಟ್ಟ ಹಣ.

ಕೊಳ್ಳುವವನಿಗೆ ಇದಕ್ಕೆಲ್ಲ ಮದ್ದು ಇಲ್ಲವೆಂದಲ್ಲ. ಶೇಕಡಾವಾರು ಅಂಕಿಯನ್ನು ಮರೆತು ಗ್ರಾಮಿಗೆ ಎಷ್ಟೆಂದು ಲೆಕ್ಕ ಹಾಕುವುದು ಅವುಗಳಲ್ಲಿ ಮೊದಲನೆಯದು. ಪೊಟ್ಟಣಗಳ ಮೇಲೆ ಗ್ರಾಮಿಗೆ ಅಥವಾ ಕಿಲೋಗೆ ತಗಲುವ ಬೆಲೆಯನ್ನೂ ನಮೂದಿಸಬೇಕೆಂಬ ನಿಯಮ ಬಂದಿದೆ. ಹಲವು ಪದಾರ್ಥಗಳ ಉಡುಗೊರೆ ಪೆಟ್ಟಿಗೆಯಲ್ಲಿ ಈ ಭಾಗಾಕಾರವನ್ನು ನಾವೇ ಮಾಡಿಕೊಳ್ಳಬೇಕಾಗುತ್ತದೆ. ಬೇಕಾದ ವಸ್ತುಗಳ ಪಟ್ಟಿಯನ್ನು ಹಬ್ಬಕ್ಕೆ ಒಂದು ತಿಂಗಳು ಮೊದಲೇ ಮಾಡಿ ಅಂದಿನ ಬೆಲೆಯನ್ನು ಬರೆದಿಟ್ಟುಕೊಂಡರೆ, ಹಬ್ಬದ ದಿನ ಯಾವುದು ನಿಜವಾಗಿ ಇಳಿದಿದೆ ಎಂಬುದು ತಾನಾಗಿ ತಿಳಿಯುತ್ತದೆ. ಹಣ ಪಾವತಿಸುವ ಪುಟಕ್ಕೆ ಹೋಗಿ ಪ್ಯಾಕಿಂಗ್, ನಿರ್ವಹಣೆ, ಸಾಗಣೆ ಎಂಬ ಹೆಸರಿನ ಶುಲ್ಕಗಳೆಲ್ಲ ಸೇರಿದ ಮೊತ್ತವನ್ನು ನೋಡಿದ ಮೇಲೆಯೇ ಹೋಲಿಕೆ ಮಾಡಬೇಕು.

ತಿನ್ನುವ ಪದಾರ್ಥವಾದರೆ ಬೆಲೆಗಿಂತ ಮುಖ್ಯವಾದದ್ದು ದಿನಾಂಕ. ಹೆಚ್ಚಿನ ರಿಯಾಯಿತಿಗೆ ಅವಧಿ ಮುಗಿಯುತ್ತಿರುವುದೇ ಕಾರಣವಾಗಿರಬಹುದು. ಅದು ತಪ್ಪಲ್ಲ, ಮುಚ್ಚಿಡುವುದು ತಪ್ಪು. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ, ಅನ್ವಯವಾಗುವ ಸರಕುಗಳಿಗೆ ಅವಧಿ ಮುಗಿಯುವ ದಿನಾಂಕವನ್ನು ಮಾರಾಟಗಾರ ಒದಗಿಸಬೇಕು. ಗ್ರಾಹಕನ ಕೈಸೇರುವಾಗ ಆಹಾರ ಪದಾರ್ಥದ ಬಾಳಿಕೆಯ ಕನಿಷ್ಠ ಶೇ 30ರಷ್ಟು ಅಥವಾ 45 ದಿನ ಉಳಿದಿರುವಂತೆ ನೋಡಿಕೊಳ್ಳಬೇಕೆಂದು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2024ರ ನವೆಂಬರಿನಲ್ಲಿ ಇಂಥ ಸಂಸ್ಥೆಗಳಿಗೆ ಸೂಚಿಸಿದೆ. ಪೊಟ್ಟಣದ ಹಿಂಬದಿಯ ಪಟ್ಟಿಯಲ್ಲಿ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬ ನಿಯಮವೂ ಉಪಯುಕ್ತ. ತುಪ್ಪದ ಮೈಸೂರುಪಾಕು ಎಂದು ಮುಂಬದಿಯಲ್ಲಿ ಬರೆದು ಹಿಂಬದಿಯ ಪಟ್ಟಿಯಲ್ಲಿ ಸಕ್ಕರೆ, ವನಸ್ಪತಿಗಳ ನಂತರ ತುಪ್ಪ ಕಾಣಿಸಿಕೊಂಡರೆ ಅರ್ಧ ಬೆಲೆಯ ರಹಸ್ಯ ಅಲ್ಲೇ ಬಯಲಾಗುತ್ತದೆ. ಇನ್ನು ಸಂದೇಶದಲ್ಲಿ ಬಂದ ಕೊಂಡಿಯನ್ನು ಒತ್ತಿ ಕೊಳ್ಳುವುದಂತೂ ಸಲ್ಲದು. ಹಣ ಕಳೆದುಕೊಂಡವರು ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಸರಕಿನ ಬಗೆಗಿನ ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಆದರೆ ಎಲ್ಲ ಜವಾಬ್ದಾರಿಯನ್ನೂ ಕೊಳ್ಳುವವನ ಮೇಲೆ ಹೊರಿಸುವುದು ನ್ಯಾಯವಲ್ಲ. ನಮ್ಮ ಕಾನೂನಿಗೆ ಈ ಸಮಸ್ಯೆಯ ಅರಿವು ನಲವತ್ತು ವರ್ಷಗಳಿಂದ ಇದೆ. 1984ರಲ್ಲಿ ಎಂಆರ್‌ಟಿಪಿ ಕಾಯಿದೆಗೆ ಸೇರಿಸಿದ 36ಎ ಕಲಮಿನಲ್ಲಿ ‘ಅಗ್ಗದ ಬೆಲೆ’ಯ ಜಾಹೀರಾತಿನ ಪ್ರಸ್ತಾಪವಿತ್ತು. 2019ರ ಗ್ರಾಹಕ ರಕ್ಷಣಾ ಕಾಯಿದೆಯ 2(47)ನೇ ಕಲಮಿನಲ್ಲೂ ಅದು ಉಳಿದುಕೊಂಡಿದೆ. ಅಲ್ಲಿ ಅಗ್ಗದ ಬೆಲೆಯನ್ನು ‘ಸಾಮಾನ್ಯ ಬೆಲೆ’ಯೊಂದಿಗಿನ ಹೋಲಿಕೆಯಿಂದ ವಿವರಿಸಲಾಗಿದೆ. ಆದರೆ ಸಾಮಾನ್ಯ ಬೆಲೆ ಎಂದರೆ ಎಷ್ಟು ದಿನಗಳ ಹಿಂದಿನ, ಯಾವ ಬೆಲೆ ಎಂಬುದನ್ನು ಅಳೆಯುವ ಕೋಲು ಅಲ್ಲಿಲ್ಲ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ‘ಡಾರ್ಕ್ ಪ್ಯಾಟರ್ನ್’ಗಳೆಂಬ 13 ಬಗೆಯ ಕಪಟ ವಿನ್ಯಾಸಗಳನ್ನು ನಿಷೇಧಿಸಿ ಮಾರ್ಗಸೂಚಿ ಹೊರಡಿಸಿತು. ‘ಇನ್ನು ಎರಡೇ ಉಳಿದಿವೆ’ ಎಂಬ ಸುಳ್ಳು ಅವಸರ, ಕೊಳ್ಳುವವನಿಗೆ ತಿಳಿಯದಂತೆ ಚೀಲಕ್ಕೆ ಸೇರಿಸುವ ವಸ್ತು, ಕೊನೆಯ ಪುಟದಲ್ಲಿ ಹನಿಹನಿಯಾಗಿ ಸೇರುವ ಶುಲ್ಕ ಎಲ್ಲವೂ ಆ ಪಟ್ಟಿಯಲ್ಲಿವೆ. ಸ್ವಾಗತಾರ್ಹವಾದ ಕ್ರಮ. ಆದರೆ ಉಬ್ಬಿಸಿದ ಮುದ್ರಿತ ಬೆಲೆ ಆ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಸ್ಥಾನ ಪಡೆದಿಲ್ಲ.

ಯೂರೋಪ್ ಒಕ್ಕೂಟ ಈ ಕೋಲನ್ನು ಸಿದ್ಧಪಡಿಸಿದೆ. ಅಲ್ಲಿ 2022ರ ಮೇ 28ರಿಂದ ಅನ್ವಯವಾಗುತ್ತಿರುವ ನಿಯಮದ ಪ್ರಕಾರ, ಬೆಲೆ ಇಳಿಸಿದ್ದೇನೆಂದು ಸಾರುವ ವರ್ತಕ ಅದಕ್ಕೆ ಹಿಂದಿನ ಕನಿಷ್ಠ 30 ದಿನಗಳಲ್ಲಿ ತಾನು ಮಾರಿದ ಅತಿ ಕಡಿಮೆ ಬೆಲೆಯನ್ನು ತಿಳಿಸಬೇಕು. ನಾಲ್ಕು ವಾರ 649ಕ್ಕೇ ಮಾರಿ ಹಬ್ಬದ ದಿನ 1,499ರಿಂದ ಇಳಿಸಿದಂತೆ ತೋರಿಸಲು ಅಲ್ಲಿ ಆಗದು. ಅಂಗಡಿಗಳ ರಿಜಿಸ್ಟರು ಹುಡುಕಬೇಕಾಗಿದ್ದ ಕಾಲದಲ್ಲಿ ಇಂಥ ನಿಯಮವನ್ನು ಜಾರಿ ಮಾಡುವುದು ನಮಗೆ ಕಷ್ಟವಿತ್ತು. ಇಂದು ಪ್ರತಿ ಗಂಟೆಯ ಬೆಲೆಯೂ ಈ ವೇದಿಕೆಗಳ ಕಂಪ್ಯೂಟರುಗಳಲ್ಲಿ ದಾಖಲಾಗಿರುತ್ತದೆ. ಅದನ್ನು ಮುದ್ರಿತ ಬೆಲೆಯ ಪಕ್ಕದಲ್ಲಿ ತೋರಿಸಿರೆಂದು ಹೇಳಲು ಹೊಸ ಇಲಾಖೆ ಬೇಕಿಲ್ಲ. ನಿಯಮಕ್ಕೊಂದು ತಿದ್ದುಪಡಿ ಸಾಕು.

ಇದು ಕೆಲವು ನೂರು ರೂಪಾಯಿಗಳ ವಿಷಯ, ಇಷ್ಟೊಂದು ಚರ್ಚೆ ಏಕೆ ಎಂದು ಕೆಲವರು ಕೇಳಬಹುದು. ನನಗೂ ಮೊದಲು ಹಾಗೆಯೇ ಅನ್ನಿಸಿತ್ತು. ಪೆಟ್ಟಿಗೆ ತಲುಪಿದ ದಿನ ಅಕ್ಕ ದೂರವಾಣಿ ಮಾಡಿದರು. ‘ಡಬ್ಬಿ ತುಂಬ ಚೆನ್ನಾಗಿದೆ ಕಣೋ. ಆದರೆ ಒಂದೂವರೆ ಸಾವಿರ ಯಾಕೋ ಖರ್ಚು ಮಾಡೋದಕ್ಕೆ ಹೋದೆ?’ ಎಂದರು. ಪೆಟ್ಟಿಗೆಯ ಅಡಿಯಲ್ಲಿದ್ದ ಮುದ್ರಿತ ಬೆಲೆಯನ್ನು ಅವರು ಓದಿದ್ದರು. ಅಲ್ಲ ಅಕ್ಕ, ಅದು 649ಕ್ಕೆ ಸಿಕ್ಕಿದ್ದು ಎಂದು ಹೇಳಬಹುದಿತ್ತು. ನಾನು ಹೇಳಲಿಲ್ಲ. ಉಡುಗೊರೆಯ ಪೆಟ್ಟಿಗೆಗಳ ಮೇಲಿನ ಬೆಲೆ ಏಕೆ ಅಷ್ಟು ಉಬ್ಬಿರುತ್ತದೆ ಎಂಬುದು ನನಗೆ ಪೂರ್ಣವಾಗಿ ಅರ್ಥವಾದದ್ದು ಆ ಕ್ಷಣದಲ್ಲಿ. ಆ ಸುಳ್ಳಿನಲ್ಲಿ ಮಾರುವವನಿಗೆ ಮಾತ್ರವಲ್ಲ, ಕೊಡುವವನಿಗೂ ಒಂದು ಪಾಲಿದೆ.

ಅಮೆರಿಕದ ಅರ್ಥಶಾಸ್ತ್ರಜ್ಞ ಜೋಯೆಲ್ ವಾಲ್ಡ್‌ಫೋಗಲ್ ಕ್ರಿಸ್‌ಮಸ್ ಉಡುಗೊರೆಗಳನ್ನು ಕುರಿತು 1993ರಲ್ಲಿ ಬರೆದ ಪ್ರಬಂಧ ಪ್ರಸಿದ್ಧವಾದದ್ದು. ಪಡೆದವರು ಕಟ್ಟುವ ಬೆಲೆ ಕೊಟ್ಟವರು ತೆತ್ತ ಬೆಲೆಗಿಂತ ಕಡಿಮೆ ಇರುತ್ತದೆ, ಹೀಗೆ ಉಡುಗೊರೆಯ ಮೌಲ್ಯದ ಶೇ 10ರಿಂದ ಮೂರನೆಯ ಒಂದರಷ್ಟು ಪೋಲಾಗುತ್ತದೆ ಎಂಬುದು ಅವರ ಲೆಕ್ಕ. ನಮ್ಮಲ್ಲಿ ಆಗುವುದು ಇದಕ್ಕೆ ವಿರುದ್ಧ. ನಮ್ಮದು ಮುಯ್ಯಿಯ ಸಮಾಜ. ಯಾರು ಏನು ಕೊಟ್ಟರೆಂಬುದು ಮದುವೆಮನೆಯ ಪುಸ್ತಕದಲ್ಲೂ ಹಿರಿಯರ ನೆನಪಿನಲ್ಲೂ ದಾಖಲಾಗುತ್ತದೆ, ಸಮಯ ಬಂದಾಗ ಅಷ್ಟನ್ನೇ, ಸಾಧ್ಯವಾದರೆ ಒಂದು ರೂಪಾಯಿ ಹೆಚ್ಚಾಗಿ, ಹಿಂದಿರುಗಿಸಬೇಕು. ಪಡೆದವರು ಇಲ್ಲಿ ತೆತ್ತ ಬೆಲೆಗಿಂತ ಹೆಚ್ಚಿನ ಬೆಲೆ ಕಟ್ಟುತ್ತಾರೆ, ಏಕೆಂದರೆ ಅವರ ಕೈಯಲ್ಲಿರುವ ಪುರಾವೆ ಮುದ್ರಿತ ಬೆಲೆ ಒಂದೇ.

ಸಂಕ್ರಾಂತಿಗೆ ಅಕ್ಕ ಎಳ್ಳು ಬೆಲ್ಲದ ಜೊತೆಗೆ ನನ್ನ ಮೊಮ್ಮಗಳಿಗೆಂದು ಒಂದು ಲಕೋಟೆ ಕಳುಹಿಸಿದರು. ಅದರಲ್ಲಿ 1,501 ರೂಪಾಯಿ ಇತ್ತು. ಅವರು ಬದುಕುತ್ತಿರುವುದು ಭಾವನವರ ಕುಟುಂಬ ಪಿಂಚಣಿಯಲ್ಲಿ. ನಾನು ಪಡೆದ ಶೇ 57ರ ರಿಯಾಯಿತಿಯ ಭಾರವನ್ನು ಹೊತ್ತವರು ಯಾರೆಂಬ ಪ್ರಶ್ನೆಗೆ ಉತ್ತರ ಆ ಲಕೋಟೆಯಲ್ಲಿತ್ತು.

ಅಂದೇ ದೂರವಾಣಿ ಮಾಡಿ ನಿಜವಾದ ಬೆಲೆಯನ್ನು ಹೇಳಿದೆ. ಅಕ್ಕ ನಕ್ಕರು, ಹಣವನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಮುಂದಿನ ದೀಪಾವಳಿಗೆ ದಿನಸಿ ಅಂಗಡಿಯಿಂದ ಅರ್ಧ ಕಿಲೋ ಬಾದಾಮಿ, ಅರ್ಧ ಕಿಲೋ ಗೋಡಂಬಿ ತಂದು, ಬೆಲೆಯ ಚೀಟಿಯಿಲ್ಲದ ಡಬ್ಬಿಯಲ್ಲಿ ಹಾಕಿ ಕಳುಹಿಸುವುದೆಂದು ನಾವು ಮನೆಯಲ್ಲಿ ತೀರ್ಮಾನಿಸಿದ್ದೇವೆ. ಸರ್ಕಾರ ಕಾಯಿದೆಯನ್ನು ತಿದ್ದುವವರೆಗೆ ಗ್ರಾಹಕರು ತಮ್ಮ ಮಟ್ಟಿಗೆ ಮಾಡಿಕೊಳ್ಳಬಹುದಾದ ತಿದ್ದುಪಡಿ ಇದು.